ಬಿರುಕಿನ ಮೇಲಿನ ಗಾಜು

ನನ್ನ ಡೈರಿಗಳಲ್ಲಿ ಆ ಗಾಜು ಮೂರು ಸಲ ಒಡೆದಿದೆ. ಮೂರು ಸಲವೂ ಬೇರೆ ಬೇರೆ ರೀತಿಯಲ್ಲಿ.

ಪಿಯುಸಿಯಲ್ಲಿದ್ದಾಗ ಬರೆದ ನೋಟ್‌ಪುಸ್ತಕದಲ್ಲಿ ಹಾಲಿನ ಕ್ಯಾನಿನ ಮುಚ್ಚಳ ನನ್ನ ಕೈಯಿಂದ ಜಾರಿ ಗಾಜಿಗೆ ತಗಲುತ್ತದೆ. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಬರೆದದ್ದರಲ್ಲಿ ನಾನು ಬೇಕೆಂದೇ ಹೆಬ್ಬೆರಳಿನಿಂದ ಒತ್ತುತ್ತೇನೆ, ಎಷ್ಟು ಒತ್ತಿದರೆ ಒಡೆಯುತ್ತದೆ ಎಂದು ನೋಡಲು. ಆರೇಳು ವರ್ಷದ ಹಿಂದೆ ಬರೆದದ್ದರಲ್ಲಿ ನಾನು ಅದನ್ನು ಮುಟ್ಟುವುದೇ ಇಲ್ಲ. ಹತ್ತಿರ ನಿಂತು ಉಸಿರು ಬಿಡುತ್ತೇನೆ, ಗಾಜಿನ ಮೇಲೆ ಮಂಜು ಕೂರುತ್ತದೆ, ಅದು ಟಿಕ್ ಎನ್ನುತ್ತದೆ. ಮೂರರಲ್ಲೂ ಬದಲಾಗದೆ ಉಳಿದದ್ದು ಆ ಸದ್ದೊಂದೇ. ಉಗುರನ್ನು ಉಗುರಿನಿಂದ ಮೀಟಿದರೆ ಬರುವಷ್ಟು ಸಣ್ಣ ಸದ್ದು.

ನಾನು ಚರಿತ್ರೆ ಓದಿದವಳು, ಕಾಲೇಜಿನಲ್ಲಿ ಅದನ್ನೇ ಕಲಿಸಿ ನಿವೃತ್ತಳಾದವಳು. ಒಂದೇ ಘಟನೆಗೆ ಒಬ್ಬನೇ ಸಾಕ್ಷಿ ಮೂರು ಹೇಳಿಕೆ ಕೊಟ್ಟರೆ ಆ ಸಾಕ್ಷಿಯನ್ನು ಏನು ಮಾಡಬೇಕೆಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆ: ಬದಿಗಿಡಿ, ಬೇರೆ ಹುಡುಕಿ. ಆದರೆ ಹೋದ ಬೇಸಗೆಯಲ್ಲಿ ಒಬ್ಬ ಮುದುಕಿಯ ಕೊನೆಯ ಆಸೆ ನನ್ನ ಈ ಹೇಳಿಕೆಯ ಮೇಲೆಯೇ ನಿಂತಿತ್ತು. ಇದನ್ನು ಬದಿಗಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

ಆ ಗಾಜು ಇದ್ದ ಚರ್ಚು ಇರುವುದು ಊರಿಗಾಂ ಸ್ಟೇಷನ್ನಿನಲ್ಲಿ ಇಳಿದು, ಚಿನ್ನದ ಗಣಿಯ ಮರಳು ಗುಡ್ಡೆಯಾದ ಸೈನೈಡ್ ದಿಬ್ಬವನ್ನು ಬೆನ್ನಿಗೆ ಬಿಟ್ಟು, ಕಾಮಸಮುದ್ರದ ಕಡೆ ಹೋಗುವ ಹಳೆಯ ಗಾಡಿದಾರಿಯಲ್ಲಿ. ಅರ್ಧ ಹಳ್ಳಿ, ಅರ್ಧ ಲೈನು. ಗಣಿಯವರಿಗೆಂದು ಕಟ್ಟಿದ ಸಾಲುಮನೆಗಳಿಗೆ ನಮ್ಮ ಕಡೆ ಲೈನು ಎನ್ನುತ್ತಾರೆ. ಹಳ್ಳಿಯ ಭಾಗದಲ್ಲಿ ಕನ್ನಡ, ತೆಲುಗು. ಲೈನಿನ ಭಾಗದಲ್ಲಿ ತಮಿಳು. ಚರ್ಚು ಎರಡರ ನಡುವೆ ಬೇವಿನ ಮರಗಳ ಕೆಳಗೆ ಇದೆ. ಅಲ್ಲಿಂದ ನಡೆದರೆ ಮುಕ್ಕಾಲು ಗಂಟೆಗೆ ನಮ್ಮೂರು.

ದೊಡ್ಡ ಕಟ್ಟಡವೇನಲ್ಲ. ಗಣಿಯಲ್ಲಿ ಕೆಲಸ ಮಾಡುತ್ತಿದ್ದವರೇ ರಜೆಯ ದಿನಗಳಲ್ಲಿ ಕಟ್ಟಿದ್ದೆಂದು ಹೇಳುತ್ತಾರೆ, ಬರೆದಿಟ್ಟದ್ದು ಏನೂ ಸಿಕ್ಕಿಲ್ಲ. ಆದರೆ ಕಟ್ಟಡ ನೋಡಿದರೆ ನಂಬಬಹುದು. ತಳಪಾಯದ ಕಲ್ಲು ನೆಲದ ಮೇಲಿನದ್ದಲ್ಲ, ಗಣಿಗೆ ಇಳಿಯುವ ಶಾಫ್ಟಿನಿಂದ ಮೇಲೆ ಬಂದ ಕಪ್ಪು ಬಂಡೆ. ಗಾರೆ ಉದುರಿದ ಕಡೆ ಒಳಗೆ ಬೂದಿ ಬಣ್ಣ ಕಾಣುತ್ತದೆ, ಸುಣ್ಣಕ್ಕೆ ಅವರು ಬೆರೆಸಿದ್ದು ಚಿನ್ನ ತೆಗೆದು ಬಿಸಾಡಿದ ಮರಳು. ತಗಡಿನ ಚಾವಣಿಯನ್ನು ಹೊತ್ತ ತೊಲೆಗಳ ತುದಿಯಲ್ಲಿ ಕಚ್ಚು ಹೊಡೆದ ಗುರುತುಗಳಿವೆ. ಸುರಂಗದಲ್ಲಿ ಬಂಡೆಗೆ ಆನಿಸಿ ನಿಲ್ಲಿಸಲು ಕಡಿದ ಮರಗಳು ಅವು, ಕೆಳಗೆ ಹೋಗುವ ಬದಲು ಮೇಲೆ ಬಂದಿವೆ. ಉದ್ದಗೋಡೆಗಳೆರಡನ್ನು ಕಬ್ಬಿಣದ ಸಲಾಕೆಗಳು ಅಡ್ಡಲಾಗಿ ಹಿಡಿದಿವೆ. ಹೊರಗಿನಿಂದ ಅವುಗಳ ತಿರುಪುಗಳು ತಟ್ಟೆಯಷ್ಟು ಅಗಲ, ಬಿಗಿಯಾದ ಅಂಗಿಗೆ ಗುಂಡಿ ಹಾಕಿದ ಹಾಗೆ ಕಾಣುತ್ತವೆ.

ಸಲಾಕೆಗಳು ಏಕೆಂದರೆ, ಗಣಿಯ ಆಳದಲ್ಲಿ ಆಗಾಗ ಬಂಡೆ ತಾನಾಗಿ ಸಿಡಿಯುತ್ತಿತ್ತು. ಆಗ ಮೇಲಿನ ನೆಲ ಒಮ್ಮೆ ಮೈ ಕೊಡವುತ್ತಿತ್ತು. ನಮ್ಮೂರಿನಲ್ಲಿ ಕೂತ ನಮಗೂ ತಟ್ಟೆಗಳು ಅಲುಗಿದ್ದು ಗೊತ್ತಾಗುತ್ತಿತ್ತು. ಅಮ್ಮ ಮಾತು ನಿಲ್ಲಿಸಿ ಗಣಿಯ ದಿಕ್ಕಿಗೆ ತಿರುಗುತ್ತಿದ್ದಳು. ಹಾಲು ಹಾಕುವ ಮನೆಗಳಲ್ಲಿ ಯಾವ ಮನೆಯ ಗಂಡಸು ಯಾವ ಶಿಫ್ಟಿಗೆ ಇಳಿದಿದ್ದಾನೆಂದು ಅವಳಿಗೆ ಬಾಯಿಪಾಠವಿತ್ತು.

ಗೋಡೆ ಬಿರುಕು ಬಿಡುವುದು ಆಗ ದೊಡ್ಡ ಸುದ್ದಿಯಲ್ಲ. ಬಿರುಕು ಬೆಳೆಯುತ್ತಿದೆಯೋ ಸುಮ್ಮನಿದೆಯೋ ಎನ್ನುವುದು ಮುಖ್ಯ. ಅದಕ್ಕೆ ಚರ್ಚಿನ ಆಳು ಒಂದು ಉಪಾಯ ಇಟ್ಟುಕೊಂಡಿದ್ದ. ಚರ್ಚು ಗುಡಿಸಿ, ದೀಪ ನೋಡಿ, ಗಂಟೆ ಹೊಡೆಯುವ ಆಳಿಗೆ ಅಲ್ಲಿ ಕೋಯಿಲ್ ಪಿಳ್ಳೈ ಎನ್ನುತ್ತಿದ್ದರು, ನಾವು ತಾತ ಎನ್ನುತ್ತಿದ್ದೆವು. ಮೊದಲು ಸುರಂಗದಲ್ಲಿ ಮರ ನಿಲ್ಲಿಸುವ ಕೆಲಸ ಮಾಡಿ, ಕಾಲಿಗೆ ಪೆಟ್ಟಾಗಿ ಮೇಲೆ ಬಂದವನು. ಬಿರುಕಿನ ಮೇಲೆ ಅಡ್ಡಲಾಗಿ ಎರಡು ಬೆರಳಗಲದ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಗಾರೆ ಮೆತ್ತಿ, ಮೂಲೆಯಲ್ಲಿ ಮೊಳೆಯಿಂದ ತಾರೀಖು ಗೀಚುತ್ತಿದ್ದ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯಲೇಬೇಕು.

“ಸುರಂಗದಾಗೆ ಮರ ಮೊದ್ಲು ಅಳುತ್ತೆ ಪಾಪಾ, ಆಮೇಲೆ ಬೀಳುತ್ತೆ. ಗೋಡೆಗೆ ಅಳೋಕೆ ಬರಲ್ಲ. ಅದಕ್ಕೇ ಬಾಯಿ ಇಟ್ಟಿದ್ದೀನಿ” ಎಂದು ಅವನು ಒಮ್ಮೆ ಹೇಳಿದ್ದ. ಹೇಳಿದ್ದು ನನಗೋ ಅಕ್ಕನಿಗೋ, ಈಗ ಖಚಿತವಿಲ್ಲ.

ದೊಡ್ಡ ಬಾಗಿಲು ಪಶ್ಚಿಮಕ್ಕೆ. ಬಿರುಕು ಅದರ ಬಲಗಡೆ, ನೆಲದಿಂದ ಒಂದು ಮೊಳ ಮೇಲೆ ಹುಟ್ಟಿ ಕಮಾನಿನ ತನಕ ಹತ್ತಿತ್ತು. ಗಾಜು ಎಂಟು ವರ್ಷದ ಹುಡುಗಿಯ ಎದೆಯ ಎತ್ತರಕ್ಕೆ.

ಅಕ್ಕ ಮತ್ತು ನಾನು ಸಂಜೆ ಹಾಲು ತರುತ್ತಿದ್ದೆವು. ಅಮ್ಮ ಲೈನುಗಳ ಒಳಗೆ ಹೋದರೆ, ಕೋಯಿಲ್ ಪಿಳ್ಳೈ ಮನೆಗೆ ಹಾಕುವ ಅರ್ಧ ಸೇರು ನಮ್ಮ ಪಾಲಿಗೆ. ಅವನ ಹೆಂಡತಿಯನ್ನು ನಾವು ಆಯಾ ಎನ್ನುತ್ತಿದ್ದೆವು. ನನಗೆ ನೆನಪಿರುವಂತೆ ಆ ಸಂಜೆ ಅಕ್ಕ ಖಾಲಿ ಕ್ಯಾನು ತರಲು ಆಯಾಳ ಮನೆಗೆ ಹೋಗಿದ್ದಳು. ನಾನು ಒಬ್ಬಳೇ ಚರ್ಚಿನ ಒಳಗೆ ಹೋದೆ. ತಂಪಾಗಿತ್ತು. ಪಶ್ಚಿಮದ ದುಂಡು ಕಿಟಕಿಯಿಂದ ಬಿದ್ದ ಬಿಸಿಲು ಆಗಲೇ ಪೀಠದ ಬುಡ ಮುಟ್ಟಿತ್ತು. ಗಾಜಿನ ಹತ್ತಿರ ಹೋದೆ. ಆಮೇಲೆ ಆ ಸದ್ದು. ಆಮೇಲೆ ಓಡಿದ್ದು.

ಅದಕ್ಕೆ ನಾಲ್ಕು ದಿನ ಮೊದಲು ಗಣಿಯಲ್ಲಿ ಬಂಡೆ ಸಿಡಿದಿತ್ತು. ನಾನು ಓಡಿದ ಮಾರನೆಯ ದಿನ ಯಾರೋ ಒಡೆದ ಗಾಜು ನೋಡಿದರು. ಗೋಡೆ ಸರಿದಿದೆ ಎಂದು ಲೈನಿಗೆ ಲೈನೇ ಹೇಳಿತು. ಹಿರಿಯರು ಕೂಡಿದರು. ದೊಡ್ಡ ಬಾಗಿಲಿನ ಖಾಲಿ ಜಾಗವೇ ಗೋಡೆಯ ಬಲಹೀನತೆ, ಅದನ್ನು ತುಂಬಿದರೆ ಕಮಾನು ನಿಲ್ಲುತ್ತದೆ ಎಂದು ತೀರ್ಮಾನವಾಯಿತು. ಒಂದು ವಾರದಲ್ಲಿ ಬಾಗಿಲ ತುಂಬ ಇಟ್ಟಿಗೆ ಎದ್ದಿತು. ಅಂದಿನಿಂದ ಜನ ಒಳಗೆ ಹೋಗಿ ಬರುವುದು ಉತ್ತರದ ಸಣ್ಣ ಬಾಗಿಲಿನಿಂದ. ಅದು ಪಾಸ್ಟರ್ ನಿಲುವಂಗಿ ಹಾಕಿಕೊಳ್ಳುವ ಕಿರುಕೋಣೆಯನ್ನು ಹಾದು, ನಡುವೆ ಒಮ್ಮೆ ತಿರುಗಿ, ಹೊರಗೆ ತೆರೆಯುತ್ತದೆ.

ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಲೈನಿನವರು ಅಮ್ಮನ ಹಾಲು ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ಹಾಗೆ ಎಂಟು ವರ್ಷದವಳು ಯೋಚಿಸಿದ್ದಳೋ, ಆಮೇಲೆ ದೊಡ್ಡವಳು ಅವಳ ಪರವಾಗಿ ಯೋಚಿಸಿ ಅಲ್ಲಿ ಇಟ್ಟಳೋ, ಅದೂ ತಿಳಿಯದು.

ಬಾಗಿಲು ಮುಚ್ಚಿದ್ದರಿಂದ ಏನಾಯಿತೆಂದು ನನಗೆ ತಿಳಿದದ್ದು ಐದಾರು ವರ್ಷದ ಮೇಲೆ, ತಾತ ತೀರಿಕೊಂಡಾಗ. ಆ ಚರ್ಚಿನಲ್ಲಿ ಮದುಮಗಳು ಒಳಗೆ ಬರುವುದೂ ಸತ್ತವರು ಹೊರಗೆ ಹೋಗುವುದೂ ದೊಡ್ಡ ಬಾಗಿಲಿನಲ್ಲಿ ಎಂಬ ಪದ್ಧತಿ ಇತ್ತಂತೆ. ಅದು ಮುಚ್ಚಿತ್ತಲ್ಲ. ಅಮ್ಮ ಮತ್ತು ನಾನು ರಸ್ತೆಯಲ್ಲಿ ನಿಂತಿದ್ದೆವು. ಒಳಗಿನಿಂದ ಹಾಡು ಕೇಳುತ್ತಿತ್ತು, ಆಮೇಲೆ ನಿಂತಿತು, ಆಮೇಲೆ ಗಂಡಸರ ಗದ್ದಲ. “ಎತ್ತು, ಎತ್ತು, ಈ ಕಡೆ ಎತ್ತು.” ಕಿರುಕೋಣೆಯ ತಿರುವಿನಲ್ಲಿ ಶವದ ಪೆಟ್ಟಿಗೆ ಮಲಗಿದಂತೆ ತಿರುಗುತ್ತಿರಲಿಲ್ಲ. ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಇಬ್ಬರು ತಬ್ಬಿಕೊಂಡು, ಬಾಗಿಲಿನಿಂದ ಹೊರಗೆ ತಂದರು. ತಾತ ನಿಂತುಕೊಂಡೇ ಹೊರಗೆ ಬಂದ. ಪೆಟ್ಟಿಗೆಯ ಒಳಗೆ ಏನೋ ಕೆಳಕ್ಕೆ ಸರಿದ ಹಾಗಾಯಿತು.

“ಮಲಗಿಸ್ರಪ್ಪಾ, ಅವ್ರನ್ನ ಮಲಗಿಸ್ರಪ್ಪಾ” ಎಂದು ಆಯಾ ಕೂಗುತ್ತಿದ್ದಳು.

ಆಗ ಆ ಸದ್ದು ಕೇಳಿತು. ಟಿಕ್. ಸುತ್ತ ಅಷ್ಟು ಜನ ಅಳುತ್ತಿರುವಾಗ ಅಷ್ಟು ಸಣ್ಣ ಸದ್ದು ಕೇಳಿಸುವುದು ಸಾಧ್ಯವಿಲ್ಲ, ನನಗೆ ಗೊತ್ತು. ಕೇಳಿಸಿತು ಎಂದಷ್ಟೇ ಬರೆಯಬಲ್ಲೆ. ಆಮೇಲೆ ಎಲ್ಲೇ ಆಗಲಿ, ಬಂಗಾರಪೇಟೆಯ ರಸ್ತೆಯಲ್ಲಾಗಲಿ ಮೈಸೂರಿನಲ್ಲಾಗಲಿ, ಹೆಣದ ಮೆರವಣಿಗೆ ಎದುರಾದರೆ ಅದು ಕೇಳುತ್ತದೆ. ಆ ಊರಿನಲ್ಲಿ ಇಂದು ಯಾರು ನಿಂತು ಹೋದರೋ ಎಂಬ ಯೋಚನೆ ಅದರ ಹಿಂದೆಯೇ ಬರುತ್ತದೆ.

ಹೋದ ಬೇಸಗೆಯಲ್ಲಿ ಅಕ್ಕ ಫೋನು ಮಾಡಿದಳು. ಅವಳು ಊರಲ್ಲೇ ಇದ್ದಾಳೆ. ನಾಲ್ಕು ಸೀಮೆಹಸು, ಒಂದು ಸ್ಕೂಟರು. ಹಾಲಿನ ಡೈರಿಗೆ ಹಾಕಿ ಉಳಿದದ್ದನ್ನು ಹಳೆಯ ಮನೆಗಳಿಗೆ ಈಗಲೂ ಹಾಕುತ್ತಾಳೆ, ಆಯಾಳ ಮನೆಗೂ.

“ಲೇ, ಕೋಯಿಲ್ ಆಯಾ ನಿನ್ನ ಕೇಳ್ತಾವ್ಳೆ ಕಣೇ. ಆ ಬಾಗ್ಲು ಪೂರ್ತಿ ಮುಚ್ಚಿಬಿಡ್ತಾರಂತೆ, ಸಿಮೆಂಟ್ ಕಂಬ ನಿಲ್ಸಿ. ಓದ್ದೋಳು ಬಂದು ಪಾಸ್ಟರ್‌ಗೆ ಒಂದ್ ಮಾತೇಳ್ಲಿ ಅಂತಾವ್ಳೆ.”

“ನಾನೇನು ಹೇಳ್ಲಿ ಅಕ್ಕಾ?”

“ನಂಗೇನ್ ಗೊತ್ತು? ಹಳೇ ಕಥೆ ಏಳಿ ಸಂಬಳ ತಗಂಡೋಳು ನೀನಲ್ವಾ?”

ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಹೋದೆ. ಆಯಾ ಚರ್ಚಿನ ಎದುರಿನ ಅದೇ ಮನೆಯಲ್ಲಿ, ಹೊಸಿಲ ಬಳಿ ಕೂತಿದ್ದಳು. ತೊಂಬತ್ತರ ಹತ್ತಿರ. ಕಣ್ಣು ಮಂಜು, ಬಾಯಿ ಚುರುಕು.

“ಯಾರು? ಪಾಲ್ಕಾರಮ್ಮನ ಚಿಕ್ಕದಾ?” ಹಾಲು ಹಾಕುತ್ತಿದ್ದ ನಮ್ಮಮ್ಮನನ್ನು ಲೈನಿನಲ್ಲಿ ಹಾಗೆ ಕರೆಯುತ್ತಿದ್ದರು.

“ಹೂಂ ಆಯಾ.”

ನನ್ನ ತಲೆ ಸವರಿ ನೋಡಿದಳು. “ಕೂದ್ಲೆಲ್ಲಾ ಬೆಳ್ಳಗೆ! ನಮ್ಗೆ ನೀರಾಲು ಹಾಕ್ಬಿಟ್ಟು ಒಳ್ಳೆ ಹಾಲು ನೀನೇ ತಲೆಗೆ ಉಯ್ಕೊಂಡ್ಯಾ?” ನಕ್ಕು, ಹಾಗೆಯೇ ನಿಲ್ಲಿಸಿದಳು. “ನೋಡು ಕಣ್ಣಮ್ಮಾ. ನಮ್ಮನೆಯೋರು ಆ ಕೋಯಿಲಿಗೆ ಎಷ್ಟು ವರ್ಷ ಕಸ ಹೊಡುದ್ರು. ಜೀವ ಇರೋವಾಗ ಅವ್ರು ಕೂತಿದ್ದು ನಾನ್ ಕಾಣೆ. ಸತ್ ಮೇಲೂ ನಿಲ್ಸಿ ಕಳಿಸಿದ್ರು. ನನ್ನ ಮಲಗಿಸ್ಕೊಂಡ್ ಹೋಗ್ಲಿ. ಅಷ್ಟೇ ನಾನ್ ಕೇಳೋದು. ಬೇರೆ ಏನಾದ್ರೂ ಕೇಳಿದ್ನಾ?”

ಏನೂ ಕೇಳಿರಲಿಲ್ಲ. ನಮ್ಮಿಂದ ಹಾಲಿನ ಹೊರತು ಬೇರೇನನ್ನೂ ಅವಳು ಎಂದೂ ಕೇಳಿರಲಿಲ್ಲ.

ಪಾಸ್ಟರ್ ಬೇರೆ ಊರಿನಿಂದ ಬಂದ ಹೊಸಬ. ಸಭ್ಯ ಮನುಷ್ಯ. ಚರ್ಚು ತೋರಿಸಲು ಕಿರುಕೋಣೆಯ ದಾರಿಯಲ್ಲೇ ಕರೆದುಕೊಂಡು ಹೋದ. ತಿರುವಿನಲ್ಲಿ ನಾನು ನಿಂತೆ. ಎಡಗೋಡೆಯ ಮೇಲೆ, ನನ್ನ ತಲೆಯ ಎತ್ತರಕ್ಕೆ, ಅಡ್ಡಡ್ಡ ಗೀರುಗಳಿದ್ದವು. ಕೆಲವು ಆಳ, ಕೆಲವು ತೆಳು. ಪ್ರತಿ ಕ್ರಿಸ್‌ಮಸ್ಸಿಗೂ ಸುಣ್ಣ ಬಳಿದಿದ್ದರೂ ಗೀರುಗಳು ಸುಣ್ಣದ ಕೆಳಗೆ ಹಾಗೆಯೇ ಇದ್ದವು. ಬೆರಳು ಇಟ್ಟರೆ ಸಿಗುತ್ತಿದ್ದವು.

“ಇದೇನು?” ಎಂದೆ, ಗೊತ್ತಿದ್ದೂ.

“ಪೆಟ್ಟಿಗೆಯ ಮೂಲೆಗಳು, ಮೇಡಂ. ನಿಲ್ಲಿಸಿ ತಿರುಗಿಸುವಾಗ ತಗಲುತ್ತವೆ.”

ಎಣಿಸಲು ಹೋಗಲಿಲ್ಲ. ಎಣಿಸಲು ಬರುವಂತಿರಲೂ ಇಲ್ಲ, ಒಂದರ ಮೇಲೊಂದು ಹಾದಿದ್ದವು. ನಾನು ಬದುಕೆಲ್ಲ ಕಾಗದಗಳಲ್ಲಿ ಚರಿತ್ರೆ ಹುಡುಕಿದವಳು. ನಾನು ಮಾಡಿದ್ದು ಒಂದು ಗೋಡೆಯಲ್ಲಿ ಕೊರೆದು ಕೂತಿರುವುದನ್ನು ಮೊದಲ ಸಲ ಮುಟ್ಟಿದೆ.

ಒಳಗೆ, ಮುಚ್ಚಿದ ಬಾಗಿಲ ಮುಂದೆ ನಿಂತು ಪಾಸ್ಟರಿಗೆ ಎಲ್ಲ ಹೇಳಿಬಿಟ್ಟೆ. ಗೋಡೆ ಸರಿದಿರಲಿಲ್ಲ, ಗಾಜು ಒಡೆದವಳು ನಾನು.

ಅವನು ನಗಲಿಲ್ಲ, ಬೈಯಲಿಲ್ಲ. ಇಟ್ಟಿಗೆಗಳ ಮೇಲೆ ಕೈಯಾಡಿಸಿದ. “ಕಮಿಟಿಯವರಿಗೆ ಇದನ್ನು ಹೇಳುತ್ತೇನೆ. ಆದರೆ ಒಂದು ಕೇಳಲಾ ಮೇಡಂ? ಗಣಿ ಮುಚ್ಚಿದ ಮೇಲೆ ಶಾಫ್ಟುಗಳಲ್ಲಿ ನೀರು ಏರುತ್ತಿದೆ, ಅದರಿಂದಲೂ ನೆಲ ಅದುರುತ್ತದೆ ಎನ್ನುತ್ತಾರೆ. ನಿಮ್ಮ ಮಾತು ನಂಬಿ ಬಾಗಿಲು ತೆಗೆದೆವು ಅಂತಿಟ್ಟುಕೊಳ್ಳಿ. ಒಂದು ಭಾನುವಾರ ಈ ಗೋಡೆ ಮಕ್ಕಳ ಮೇಲೆ ಬಿತ್ತು ಅಂತಿಟ್ಟುಕೊಳ್ಳಿ. ಒಡೆದದ್ದು ನೀವೇ, ಅದು ನಿಮಗೆ ಖಂಡಿತವಾಗಿ ನೆನಪಿದೆಯೇ?”

ನನಗೆ ಮೂರು ಡೈರಿಗಳು ನೆನಪಾದವು. ಮುಚ್ಚಳ, ಹೆಬ್ಬೆರಳು, ಉಸಿರು.

“ನಾಳೆ ಹೇಳುತ್ತೇನೆ” ಎಂದೆ.

ಸಂಜೆ ಅಕ್ಕನ ಮನೆಯಲ್ಲಿ, ಅವಳು ಹಾಲು ಕರೆಯುವಾಗ, ಹಸುವಿನ ಈಚೆ ಕುಕ್ಕುರುಗಾಲಲ್ಲಿ ಕೂತು ಅವಳಿಗೂ ಹೇಳಿದೆ. ಐವತ್ತಕ್ಕೂ ಹೆಚ್ಚು ವರ್ಷ ಆದಮೇಲೆ. ಕೆಚ್ಚಲಿನ ಮೇಲೆ ಅವಳ ಕೈ ನಿಂತಿತು.

“ಏನಂದೆ?”

“ಆ ಗಾಜು. ನಾನು ಒಡೆದದ್ದು.”

ಅವಳು ಹಸುವಿನ ಹೊಟ್ಟೆಯ ಕೆಳಗಿನಿಂದ ಬಗ್ಗಿ ನನ್ನ ಮುಖ ನೋಡಿದಳು. “ತಮಾಸೆ ಮಾಡ್ತಿದೀಯೇನೇ?”

“ಇಲ್ಲ ಅಕ್ಕಾ.”

“ಅದು ಒಡೆದದ್ದು ನಾನು ಕಣೇ!” ಹಸು ಬೆದರಿ ಕಾಲೆತ್ತಿತು. ಅವಳು ಅದಕ್ಕೊಂದು ಏಟು ಕೊಟ್ಟಳು. “ಹಾಲಳೆಯೋ ಪಾವು ತಗಂಡು ಒಡೆದೆ. ಮುಖ ಕಾಣ್ತದಾ ಅಂತ ಬಗ್ಗಿದ್ದೆ, ಕೈಯಾಗಿದ್ದ ಪಾವು ತಗುಲ್ತು. ನೀನೆಲ್ಲಿದ್ದೆ ಅಲ್ಲಿ? ನೀನು ನಲ್ಲಿ ತಾವ ಕಾಲು ತೊಳೀತಿದ್ದೆ.”

“ನೀನು ಆಯಾ ಮನೆಗೆ ಕ್ಯಾನು ತರೋಕೆ ಹೋಗಿದ್ದೆ.”

“ಕ್ಯಾನು ತಂದಿದ್ದು ಆಮ್ಯಾಕೆ.” ಅವಳು ಹಾಲಿನ ಪಾತ್ರೆ ಬದಿಗೆ ಸರಿಸಿದಳು. “ತಾತನ ನಿಲ್ಸ್ಕಂಡು ಓದ್ರಲ್ಲ, ಅವತ್ತಿಂದ ನಾನು ಆ ಮನೇಗೆ ಒಂದಿನಾನೂ ನೀರು ಬೆರ್ಸಿಲ್ಲ, ಗೊತ್ತಾ ನಿಂಗೆ? ಒಂದಿನಾನೂ ಬಿಟ್ಟಿಲ್ಲ. ಮದ್ವೆ ಆದ್ ಮೂರನೇ ದಿನ ಅರ್ಶ್ನದ ಕೈಯಾಗೆ ಹಾಲಾಕಿ ಬಂದಿದ್ದೀನಿ. ಈಗ ನೀನ್ ಬಂದು ನಂದು ಅಂತೀಯಲ್ಲ. ಓದ್ದೋಳು ಅಂತ ಪಾಪಾನೂ ನಿಂದೇ ಮಾಡ್ಕಂಡ್ಬಿಟ್ಯಾ?”

ಒಂದೇ ಗಾಜು. ಇಬ್ಬರೂ ಒಬ್ಬೊಬ್ಬರೇ ಇದ್ದೆವು. ಇಬ್ಬರಿಗೂ ಆ ಸದ್ದು ಕೇಳಿತ್ತು. ಒಂದೇ ಕೋಣೆಯಲ್ಲಿ, ಒಂದೇ ಕಂಬಳಿಯ ಕೆಳಗೆ, ಎರಡು ಹುಡುಗಿಯರು ಒಂದೇ ಗುಟ್ಟನ್ನು ಒಬ್ಬರಿಂದ ಇನ್ನೊಬ್ಬರು ಮುಚ್ಚಿಟ್ಟು ಬೆಳೆದಿದ್ದೆವು. ಇದು ಕೇಳಲು ಚೆನ್ನಾಗಿದೆ, ಅದಕ್ಕೇ ನನಗೆ ಅನುಮಾನ. ಇಬ್ಬರಲ್ಲಿ ಒಬ್ಬಳ ನೆನಪು ಸುಳ್ಳಿರಲೇಬೇಕು. ಒಂದು ಸುಳ್ಳಿರಬಹುದಾದರೆ ಎರಡೂ ಸುಳ್ಳಿರಬಹುದು. ಯಾರೂ ಮುಟ್ಟದೆ ಗೋಡೆಯೇ ಸರಿದು ಗಾಜು ಒಡೆದಿರಬಹುದು, ನಾವು ಒಡೆದ ಗಾಜನ್ನು ಕಂಡು ಹೆದರಿದ ಇಬ್ಬರು ಮಕ್ಕಳಷ್ಟೇ ಇರಬಹುದು. ಹಾಗಿದ್ದರೆ ಪಾಸ್ಟರ್ ಹೇಳಿದ ಭಾನುವಾರ ನಿಜ.

ಬೆಳಿಗ್ಗೆ ಇಬ್ಬರೂ ಸ್ಕೂಟರಿನಲ್ಲಿ ಹೋದೆವು. ಆಯಾಳ ಹೊಸಿಲಲ್ಲಿ ಪಾಸ್ಟರನ್ನೂ ಕೂರಿಸಿಕೊಂಡು ಅಕ್ಕ ತನ್ನದು ಹೇಳಿದಳು, ನಾನು ನನ್ನದು. ಆಯಾ ಕೆನ್ನೆಯ ಮೇಲೆ ಕೈಯಿಟ್ಟು ಕೇಳಿದಳು.

“ಎರಡು ಪಿಳ್ಳೆಗಳು ಸೇರಿ ಒಂದು ಗಾಜು ಒಡದ್ವಾ?”

“ಸೇರಿ ಅಲ್ಲ ಆಯಾ” ಎಂದಳು ಅಕ್ಕ. “ಬೇರೆ ಬೇರೆ.”

“ಮತ್ತೆ ಒಂದೇ ಗಾಜು!” ಆಯಾಳಿಗೆ ನಗು ತಡೆಯಲಾಗಲಿಲ್ಲ, ಕೆಮ್ಮು ಬಂತು.

ನಾನು ಪಾಸ್ಟರಿಗೆ ಹೇಳಿದೆ: “ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಖಂಡಿತವಾಗಿ ನೆನಪಿದೆ ಎಂದು ನಾನು ಹೇಳಲಾರೆ. ಅವಳೂ ಹೇಳಲಾರಳು.”

ಅಕ್ಕ ನನ್ನನ್ನು ತಿವಿದಳು. ನಾನು ಆಯಾಳ ಮುಖ ನೋಡದೆ ನೆಲ ನೋಡುತ್ತಿದ್ದೆ. ಅವಳು ಕೇಳಿದ್ದ ಒಂದೇ ಒಂದನ್ನು ಕೈಯಾರೆ ಕಳೆದಿದ್ದೆ.

ಆದರೆ ಆಯಾ ಬೇರೇನನ್ನೋ ಯೋಚಿಸುತ್ತಿದ್ದಳು. “ಒಡೆದದ್ದು ಬಿಡು. ಆಮೇಲಿಂದು ಎಲ್ಲಿ?”

“ಯಾವ ಆಮೇಲಿಂದು?”

“ಒಂದು ಒಡೆದ್ರೆ ಇನ್ನೊಂದು ಇಡ್ದೆ ಬಿಡೋ ಮನುಷ್ಯನಾ ಅವ್ರು? ಬಿರುಕು ಬಾಯಿ ಇಲ್ದೆ ಒಂದು ದಿನ ಇರಬಾರ್ದು ಅನ್ನೋರು. ಇಟ್ಟೇ ಇರ್ತಾರೆ. ಒಂದ್ಸಲ ಹಿರಿಯರ ಹತ್ರ ಹೋಗಿ ಹೇಳಿದ್ರಂತೆ, ಹೊಸ ಗಾಜು ಇನ್ನೂ ಹಂಗೇ ಐತೆ, ಬಾಗ್ಲು ಬಿಚ್ರಪ್ಪಾ ಅಂತ. ಯಾರೂ ಎದ್ದು ಬರ್ಲಿಲ್ಲ. ಮನೇಗೆ ಬಂದು ಏನಂದ್ರು ಗೊತ್ತಾ? ಒಡೆದ ಗಾಜು ನೋಡೋಕೆ ಊರೇ ಬತ್ತದೆ, ಒಡೀದೇ ಇರೋದನ್ನ ನೋಡೋಕೆ ಯಾರು ಬತ್ತಾರೆ ಅಂದ್ರು.”

ಕಂಬ ನಿಲ್ಲಿಸಲು ಕಾಮಸಮುದ್ರದ ಕಡೆಯಿಂದ ಕರೆಸಿದ್ದ ಮೇಸ್ತ್ರಿ ಅಲ್ಲೇ ಅಂಗಳದಲ್ಲಿ ಮರಳು ಜರಡಿ ಹಿಡಿಯುತ್ತಿದ್ದ. ಪಾಸ್ಟರ್ ಅವನನ್ನು ಕರೆದ. ಎಲ್ಲರೂ ಒಳಗೆ ಹೋದೆವು, ಆಯಾಳನ್ನು ಅಕ್ಕ ತಬ್ಬಿ ನಡೆಸಿಕೊಂಡು ಬಂದಳು. ಬಿರುಕು ಎಲ್ಲಿತ್ತೆಂದು ಮೇಸ್ತ್ರಿ ಕೇಳಿದ. ಗೋಡೆ ಉದ್ದಕ್ಕೂ ಬಿಳಿ, ಸುಣ್ಣದ ಮೇಲೆ ಸುಣ್ಣ. ಅಕ್ಕ ಮತ್ತು ನಾನು ಒಟ್ಟಿಗೆ ಕೈ ತೋರಿಸಿದೆವು. ಇಬ್ಬರ ಬೆರಳೂ ಒಂದೇ ಜಾಗಕ್ಕೆ ಹೋಯಿತು. ಆದರೆ ಈಗ ಅದು ನಮ್ಮ ಎದೆಯ ಎತ್ತರಕ್ಕಿರಲಿಲ್ಲ, ಸೊಂಟದ ಹತ್ತಿರವಿತ್ತು.

ಅವನು ಕರಣೆಯ ಅಂಚಿನಿಂದ ಕೆರೆಯತೊಡಗಿದ. ಸುಣ್ಣ ಎಲೆ ಎಲೆಯಾಗಿ ಎದ್ದಿತು. ಬಿಳಿ, ನೀಲಿ ಬೆರೆತ ಬಿಳಿ, ಒಂದು ಪದರ ಹಳದಿ, ಮತ್ತೆ ಬಿಳಿ. ಪ್ರತಿ ಪದರವೂ ಒಂದು ಕ್ರಿಸ್‌ಮಸ್ಸು. ಚಾವಣಿಯ ತಗಡು ಬಿಸಿಲಿಗೆ ಕಾಯುತ್ತ ಸಣ್ಣಗೆ ಸದ್ದು ಮಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಕರಣೆಯ ಸದ್ದು ಬದಲಾಯಿತು. ಅವನು ಅದನ್ನು ಕೆಳಗಿಟ್ಟು, ಹೆಗಲ ಟವೆಲನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ಒರೆಸಿದ.

ಗಾಜು ಇತ್ತು. ಎರಡು ಬೆರಳಗಲ. ಎರಡು ತುದಿಗೂ ಬೂದಿ ಬಣ್ಣದ ಗಾರೆ. ಮೂಲೆಯಲ್ಲಿ ಮೊಳೆಯಿಂದ ಗೀಚಿದ ತಾರೀಖು, ಇಸವಿ ಹಳೆಯ ಗಾಜು ಒಡೆದ, ನಾನು ಮೂರನೆಯ ತರಗತಿಯಲ್ಲಿದ್ದ ವರ್ಷದ್ದು. ಅದರ ಕೆಳಗೆ ಬಿರುಕು ಕಪ್ಪು ದಾರದಂತೆ ಹಾದುಹೋಗಿತ್ತು. ಗಾಜಿನಲ್ಲಿ ಒಂದು ಗೀರೂ ಇರಲಿಲ್ಲ.

“ಗೋಡೆ ಅಲ್ಲಾಡಿಲ್ಲ ಅಕ್ಕಯ್ಯಾ” ಎಂದ ಮೇಸ್ತ್ರಿ. “ಅಲ್ಲಾಡಿದ್ರೆ ಇದು ಉಳೀತಿತ್ತಾ?”

ಆಯಾ ಕೈ ಚಾಚಿದಳು. ಅಕ್ಕ ಅವಳ ಬೆರಳು ಹಿಡಿದು ಗಾಜಿನ ಮೇಲಿಟ್ಟಳು. ಗೀಚಿದ ಅಂಕಿಗಳ ಮೇಲೆ ಅವಳು ಬೆರಳಾಡಿಸಿದಳು, ಅಕ್ಷರ ಬಾರದವಳು. “ಅವ್ರ ಕೈಯೇ” ಎಂದಳು.

ಪಾಸ್ಟರ್ ಎಚ್ಚರದ ಮನುಷ್ಯ. ಒಬ್ಬ ಎಂಜಿನಿಯರನ್ನು ಕರೆಸಿ ತೋರಿಸಿದ, ಬಿರುಕಿನ ಮೇಲೆ ಕಮಾನಿನ ಹತ್ತಿರ ಇನ್ನೊಂದು ಹೊಸ ಗಾಜು ಇಡಿಸಿದ, ಒಂದು ಮಳೆಗಾಲ ಕಾಯೋಣ ಎಂದ. ಆ ಮಳೆಗಾಲವಿಡೀ ಅಕ್ಕ ಬೆಳಿಗ್ಗೆ ಹಾಲು ಹಾಕಿ ಹೋಗುವಾಗ ಗಾಜು ನೋಡಿ ನನಗೆ ಫೋನು ಮಾಡುತ್ತಿದ್ದಳು. “ಐತೆ” ಎನ್ನುತ್ತಿದ್ದಳು. ಅಷ್ಟೇ ಮಾತು. ಆಯಾ ಮಳೆಗಾಲ ದಾಟುವಳೋ ಇಲ್ಲವೋ ಎಂದು ಇಬ್ಬರೂ ಹೆದರಿದ್ದೆವು, ಬಾಯಿಬಿಟ್ಟು ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಇಟ್ಟಿಗೆ ಬಿಚ್ಚಿದರು. ಆಯಾ ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಮೇಲಿನ ಸಾಲು ಹೋದಾಗ ಬೆಳಕಿನ ಒಂದು ಪಟ್ಟಿ ಅವಳ ಹಣೆಯ ಮೇಲೆ ಬಿತ್ತು. ಸಾಲು ಸಾಲಾಗಿ ಅದು ಮಡಿಲಿಗೆ ಇಳಿಯಿತು, ಕೊನೆಗೆ ನೆಲಕ್ಕೆ. ಹೊಸಿಲ ಕಲ್ಲಿನ ನಡುವೆ ಹಳೆಯ ಪಾದಗಳು ಸವೆಸಿದ ತಗ್ಗು ಹಾಗೆಯೇ ಇತ್ತು. ಅದರಲ್ಲಿ ಇಟ್ಟಿಗೆ ಪುಡಿ ತುಂಬಿತ್ತು. ನಾನು ಅದನ್ನು ಕೈಯಿಂದ ಗುಡಿಸಿದೆ.

“ಎದ್ದು ಒಮ್ಮೆ ಆ ಕಡೆ ಹೋಗಿ ಬರ್ತೀಯಾ ಆಯಾ?” ಎಂದಳು ಅಕ್ಕ.

“ಬೇಡಮ್ಮಾ. ಒಂದೇ ಸಲ ಹೋಗ್ತೀನಿ. ಸುಮ್ನೆ ಯಾಕೆ ಎರಡು ಸಲ?”

ಕ್ರಿಸ್‌ಮಸ್ಸಿಗೆ ಎಂಟು ದಿನ ಇರುವಾಗ ಅವಳು ತೀರಿಕೊಂಡಳು.

ನಾವಿಬ್ಬರೂ ಹೋಗಿದ್ದೆವು. ನಮಗೆ ಹಾಡು ಬಾರದು, ಹಿಂದೆ ಬಾಗಿಲ ಬಲಗಡೆ ಗೋಡೆಯ ಪಕ್ಕ ನಿಂತೆವು. ಪ್ರಾರ್ಥನೆ ಮುಗಿಯುವಾಗ ಸಂಜೆಯಾಗುತ್ತಿತ್ತು. ಆರು ಜನ ಪೆಟ್ಟಿಗೆ ಹೊತ್ತರು. ಬಹಳ ವರ್ಷದಿಂದ ಮರೆತ ಪದ್ಧತಿ, ಹೇಗೆಂದು ಅವರಿಗೆ ತಿಳಿಯಲಿಲ್ಲ. ಅಭ್ಯಾಸಬಲದಿಂದ ಮುಂದಿನವರಿಬ್ಬರು ಕಿರುಕೋಣೆಯ ಕಡೆ ತಿರುಗಿಬಿಟ್ಟರು. “ಆ ಕಡೆ ಅಲ್ಲ, ದೊಡ್ಡ ಬಾಗಿಲು, ದೊಡ್ಡ ಬಾಗಿಲು” ಎಂದು ನಾಲ್ಕು ಮಂದಿ ಒಟ್ಟಿಗೆ ಹೇಳಿದರು. ಅವರು ನಿಂತು, ಹಿಂದಕ್ಕೆ ಹೆಜ್ಜೆ ಹಾಕಿ, ನಮ್ಮ ಕಡೆ ತಿರುಗಿದರು. ಪೆಟ್ಟಿಗೆ ಎಲ್ಲೂ ಓರೆಯಾಗಲಿಲ್ಲ. ಆಯಾ ಮಲಗಿಕೊಂಡೇ ನಮ್ಮ ಮುಂದೆ ಹಾದಳು. ಹೊಸಿಲ ತಗ್ಗಿನ ಮೇಲೆ ಒಂದು ಗಳಿಗೆ 'ನಿಲ್ಲಿ' ಎಂದು ಪಾಸ್ಟರ್ ಕೈ ಎತ್ತಿದ. ಹಾಡು ನಿಂತಿತು. ಯಾರೂ ಅಳುತ್ತಿರಲಿಲ್ಲ.

ಟಿಕ್.

ನಾನು ಅಕ್ಕನ ಕಡೆ ತಿರುಗಿದೆ. ಅವಳು ಆಗಲೇ ನನ್ನ ಕಡೆ ತಿರುಗಿದ್ದಳು. ಇಬ್ಬರೂ ಒಟ್ಟಿಗೆ ಗೋಡೆಯ ಕಡೆ ಬಗ್ಗಿದೆವು. ತಾತನ ಗಾಜು ಬಾಗಿಲಿನಿಂದ ಬಂದು ನೆಲದಿಂದ ಚಿಮ್ಮಿದ ಇಳಿಬಿಸಿಲಿನಲ್ಲಿ ಇಡಿಯಾಗಿ ಹೊಳೆಯುತ್ತಿತ್ತು. ಹೊಸ ಗಾಜೂ ಹಾಗೆಯೇ ಇತ್ತು. ಮೇಲೆ ತಗಡು ತಣ್ಣಗಾಗುತ್ತಿರಬೇಕು. ಗಾಜು ಒಡೆದ ಆ ಸಂಜೆ ಕೂಡ ಇದೇ ಹೊತ್ತಾಗಿತ್ತು, ಇದೇ ಬಿಸಿಲು.

“ಒಡೀತಾ?” ಎಂದು ಅಕ್ಕ ಪಿಸುಗುಟ್ಟಿದಳು.

“ಇಲ್ಲ.”

ಹೊರಗೆ ಬೇವಿನ ಮರಗಳ ಕೆಳಗೆ ಪೆಟ್ಟಿಗೆ ದೂರ ಹೋಗುತ್ತಿತ್ತು. ಜನ ಅದರ ಹಿಂದೆ ಹೊರಟರು. ನಾವೂ ಹೊರಡಬೇಕಿತ್ತು, ಹೊರಡಲಿಲ್ಲ. ಗೋಡೆಯನ್ನೇ ನೋಡುತ್ತ ನಿಂತಿದ್ದೆವು. ಯಾವಾಗ ಇಟ್ಟುಕೊಂಡೆವೋ ಗೊತ್ತಿಲ್ಲ, ಇಬ್ಬರ ಕೈಗಳೂ ಬೆನ್ನ ಹಿಂದೆ ಇದ್ದವು.